ಗಲ್ಲಾಪೆಟ್ಟಿಗೆಗೆ ಯಾರು ಕೈ ಹಾಕಬಹುದು? ಪೈಥಾನ್‌ನಲ್ಲಿ ‘ಪ್ರೈವೇಟ್’ ಅಂದ್ರೆ ಏನು

ಇವತ್ತಿನ ಸಂಚಿಕೆ ಪೈಥಾನ್ ಕಲೀತಾ ಇರೋರಿಗೆ. ಕ್ಲಾಸ್, ಆಬ್ಜೆಕ್ಟ್ ಪಾಠ ಮುಗಿದ ಮೇಲೆ ಬರೋ ಪ್ರಶ್ನೆ ಇದು: ಆಬ್ಜೆಕ್ಟ್ ಒಳಗಿರೋ ಮಾಹಿತಿಯನ್ನ ಹೊರಗಿನ ಕೋಡ್ ಬೇಕಾಬಿಟ್ಟಿ ಬದಲಾಯಿಸದ ಹಾಗೆ ನೋಡ್ಕೊಳ್ಳೋದು ಹೇಗೆ?

ನೀವು ‘ವಾಲೆಟ್’ ಅಂತ ಒಂದು ಕ್ಲಾಸ್ ಬರೆದಿದ್ದೀರಿ ಅಂದ್ಕೊಳ್ಳಿ. ಅದರ ‘ಬ್ಯಾಲೆನ್ಸ್’ ಪ್ರಾಪರ್ಟಿಯಲ್ಲಿ 500 ರೂಪಾಯಿ ಇದೆ. ಹಣ ತೆಗೆಯೋಕೆ ಅಂತಲೇ ಒಂದು ಮೆಥಡ್ ಇದೆ. ಇರೋದಕ್ಕಿಂತ ಹೆಚ್ಚು ಕೇಳಿದರೆ ಅದು ಕೊಡಲ್ಲ. ಆದರೆ ಟೀಮ್‌ನ ಇನ್ನೊಬ್ಬರು ಆ ಮೆಥಡ್ ಗೊಡವೆಗೇ ಹೋಗದೆ, ಬೇರೆ ಫೈಲ್‌ನಲ್ಲಿ ಬ್ಯಾಲೆನ್ಸ್‌ಗೆ ನೇರವಾಗಿ ಮೈನಸ್ 200 ಅಂತ ಬರೆದುಬಿಟ್ಟರು. ಪೈಥಾನ್ ಏನೂ ಕೇಳಲ್ಲ, ಸುಮ್ಮನೆ ಒಪ್ಪಿಕೊಳ್ಳುತ್ತೆ. ತಪ್ಪು ಗೊತ್ತಾಗೋದು ಮುಂದೆ ಎಲ್ಲೋ ಲೆಕ್ಕ ತಾಳೆ ಆಗದಿದ್ದಾಗ.

ಅಂಗಡಿಯ ಗಲ್ಲಾಪೆಟ್ಟಿಗೆ ನೆನಪಿಸ್ಕೊಳ್ಳಿ. ಗಿರಾಕಿ ತಾನೇ ಕೈ ಹಾಕಿ ಚಿಲ್ಲರೆ ತಗೊಳ್ಳಲ್ಲ. ದುಡ್ಡು ಕೊಡ್ತಾನೆ, ಗಲ್ಲಾದಲ್ಲಿ ಕೂತವರು ಎಣಿಸಿ ಚಿಲ್ಲರೆ ಕೊಡ್ತಾರೆ. ಲೆಕ್ಕ ತಪ್ಪಿದರೆ ಯಾರನ್ನ ಕೇಳಬೇಕು ಅನ್ನೋದು ಗೊತ್ತಿರುತ್ತೆ. ಪ್ರೋಗ್ರಾಮಿಂಗ್‌ನಲ್ಲಿ ಇದಕ್ಕೆ ಎನ್‌ಕ್ಯಾಪ್ಸುಲೇಷನ್ ಅಂತಾರೆ.

ಜಾವಾದಲ್ಲಿ ‘ಪ್ರೈವೇಟ್’ ಅಂತ ಬರೆದರೆ, ಬೇರೆ ಕ್ಲಾಸ್‌ನಿಂದ ಅದನ್ನ ನೇರವಾಗಿ ಮುಟ್ಟೋ ಕೋಡ್ ಕಂಪೈಲ್ ಆಗೋದೇ ಇಲ್ಲ. ಪೈಥಾನ್‌ನಲ್ಲಿ ಅಂಥ ಪದವೇ ಇಲ್ಲ. ಹೆಸರಿನ ಮುಂದೆ ಒಂದು ಅಂಡರ್‌ಸ್ಕೋರ್ ಹಾಕ್ತಾರೆ, ಅಷ್ಟೇ. ಅದು ಬೀಗ ಅಲ್ಲ, ‘ದಯವಿಟ್ಟು ಮುಟ್ಟಬೇಡಿ’ ಅನ್ನೋ ಬೋರ್ಡು. ಪೈಥಾನ್ ಬರೆಯೋರು ಆ ಬೋರ್ಡನ್ನ ಗೌರವಿಸ್ತಾರೆ ಅನ್ನೋ ನಂಬಿಕೆ ಮೇಲೆ ಕೆಲಸ ನಡೆಯುತ್ತೆ.

ಹಾಗಾದ್ರೆ ಎರಡು ಅಂಡರ್‌ಸ್ಕೋರ್? ಅನೇಕರು ಇದೇ ನಿಜವಾದ ಬೀಗ ಅಂದ್ಕೊಳ್ತಾರೆ. ಅಲ್ಲ. ಪೈಥಾನ್ ಆಗ ಹೆಸರನ್ನ ಮಾತ್ರ ಬದಲಾಯಿಸುತ್ತೆ: ಮುಂದೆ ಒಂದು ಅಂಡರ್‌ಸ್ಕೋರ್ ಮತ್ತು ಕ್ಲಾಸ್ ಹೆಸರು ಸೇರಿಸುತ್ತೆ. ಇದಕ್ಕೆ ನೇಮ್ ಮ್ಯಾಂಗ್ಲಿಂಗ್ ಅಂತಾರೆ. ಸಬ್‌ಕ್ಲಾಸ್‌ನಲ್ಲಿ ಅದೇ ಹೆಸರು ಬಂದರೆ ಘರ್ಷಣೆ ಆಗದಿರಲಿ ಅಂತ ಈ ಏರ್ಪಾಡು. ಹೊಸ ಹೆಸರು ಗೊತ್ತಿದ್ದವರು ಆರಾಮಾಗಿ ಒಳಗೆ ಹೋಗ್ಬೋದು. ಇನ್ನೊಂದು ಮೋಸ ನೋಡಿ: ಹೊರಗಿನಿಂದ ಯಾರಾದರೂ ಹಳೇ ಹೆಸರಿಗೇ ಬೆಲೆ ಕೊಟ್ಟರೆ ಎರರ್ ಬರಲ್ಲ. ಆ ಹೆಸರಲ್ಲಿ ಹೊಸದೊಂದು ಪ್ರಾಪರ್ಟಿ ಹುಟ್ಟುತ್ತೆ, ಅಸಲಿ ಬ್ಯಾಲೆನ್ಸ್ ಹಾಗೇ ಇರುತ್ತೆ!

ಹಾಗಂತ ಕೈಕಟ್ಟಿ ಕೂರಬೇಕಿಲ್ಲ. 2001ರಲ್ಲಿ ಬಂದ ಪೈಥಾನ್ 2.2ರಿಂದಲೂ ‘ಪ್ರಾಪರ್ಟಿ’ ಅನ್ನೋ ಸೌಲಭ್ಯ ಇದೆ. ಇಂದು ಅದನ್ನ ಡೆಕೊರೇಟರ್ ಆಗಿ, ಮೆಥಡ್ ಮೇಲೆ ಬರೀತಾರೆ. ಹೊರಗಿನವರು ಎಂದಿನಂತೆ ಬ್ಯಾಲೆನ್ಸ್ ಅಂತಲೇ ಬರೀತಾರೆ, ಒಳಗೆ ನಿಮ್ಮ ಮೆಥಡ್ ಓಡುತ್ತೆ. ಸೆಟರ್ ಬರೆದು ಅದರಲ್ಲಿ ‘ಸೊನ್ನೆಗಿಂತ ಕಡಿಮೆ ಇದ್ದರೆ ವ್ಯಾಲ್ಯೂ ಎರರ್’ ಅಂತ ಹಾಕಿದರೆ, ಮೈನಸ್ 200 ಬಾಗಿಲಲ್ಲೇ ನಿಲ್ಲುತ್ತೆ. ಸೆಟರ್ ಬರೆಯದಿದ್ದರೆ ಬ್ಯಾಲೆನ್ಸ್ ಓದೋಕೆ ಮಾತ್ರ. ಹಾಗಾಗಿ ಮೊದಲ ದಿನವೇ ಎಲ್ಲಕ್ಕೂ ಗೆಟರ್, ಸೆಟರ್ ಬರೆಯೋ ಅಗತ್ಯ ಇಲ್ಲ. ನಿಯಮ ಬೇಕಾದಾಗ ಸೇರಿಸಿ, ಹಳೇ ಕೋಡ್‌ನ ಸಾಲುಗಳನ್ನ ತಿದ್ದಬೇಕಿಲ್ಲ.

ಒಂದು ಎಚ್ಚರ. ಸೆಟರ್ ಒಳಗೆ ಬೆಲೆಯನ್ನ ಒಂದು ಅಂಡರ್‌ಸ್ಕೋರ್ ಇರೋ ಹೆಸರಲ್ಲೇ ಇಡಿ. ಅಲ್ಲೂ ಬರೀ ಬ್ಯಾಲೆನ್ಸ್ ಅಂತ ಬರೆದರೆ ಸೆಟರ್ ತನ್ನನ್ನ ತಾನೇ ಕರೀತಾ ಹೋಗಿ ರಿಕರ್ಷನ್ ಎರರ್ ಕೊಡುತ್ತೆ.

ಜಾವಾಸ್ಕ್ರಿಪ್ಟ್‌ ದಾರಿ ಬೇರೆ. 2022ರ ಆವೃತ್ತಿಯಿಂದ ಅಲ್ಲಿ ಹೆಸರಿನ ಮುಂದೆ ಹ್ಯಾಶ್ ಚಿಹ್ನೆ ಹಾಕಿದರೆ ಭಾಷೆಯೇ ತಡೆಯುತ್ತೆ. ಕ್ಲಾಸ್ ಹೊರಗೆ ಆ ಹೆಸರು ಬರೆದರೆ ಸಿಂಟ್ಯಾಕ್ಸ್ ಎರರ್.

ಕೊನೆಗೆ ಮುಖ್ಯವಾದ ಮಾತು. ಇವು ಯಾವುವೂ ಕಳ್ಳರನ್ನ ತಡೆಯೋಕೆ ಇರೋದಲ್ಲ. ಪಾಸ್‌ವರ್ಡ್ ಅಥವಾ ಎಪಿಐ ಕೀಯನ್ನ ಕೋಡ್‌ನಲ್ಲಿ ಬರೆದು ಮುಂದೆ ಎರಡು ಅಂಡರ್‌ಸ್ಕೋರ್ ಹಾಕಿದರೆ ಅದು ಗುಟ್ಟಾಗಲ್ಲ. ಕೋಡ್ ಕೈಗೆ ಸಿಕ್ಕವರು ಅದನ್ನ ಓದ್ತಾರೆ. ಹಾಗೇ ನಿಜವಾದ ಹಣದ ಲೆಕ್ಕವನ್ನ ಸರ್ವರ್‌ನಲ್ಲೇ ಪರಿಶೀಲಿಸಬೇಕು. ‘ಪ್ರೈವೇಟ್’ ಕಾಪಾಡೋದು ಕಣ್ತಪ್ಪಿನಿಂದ: ಅವಸರದಲ್ಲಿರೋ ಸಹೋದ್ಯೋಗಿಯಿಂದ, ಆರು ತಿಂಗಳ ನಂತರ ಇದೇ ಕೋಡ್ ತೆರೆಯೋ ನಿಮ್ಮಿಂದಲೂ.

ಇವತ್ತೇ ಲ್ಯಾಪ್‌ಟಾಪ್ ತೆಗೆದು ಆ ಮೈನಸ್ 200 ಒಮ್ಮೆ ಹಾಕಿ ನೋಡಿ.