ಸೋಲಾರ್ ದೀಪದಡಿ ಸೊಪ್ಪು ಬೆಳೆದೀತೇ?

ಪ್ರಶ್ನೆ: ಊರಲ್ಲಿ ಸೋಲಾರ್ ದೀಪ ಮನೆಮನೆಗೆ ಬಂದಿದೆ. ಮಳೆಗಾಲದಲ್ಲಿ ಕೋಣೆಯೊಳಗೆ ಎಲ್‌ಇಡಿ ಹಾಕಿ ಲೆಟ್ಯೂಸ್ ಬೆಳೆದು ಮಾರಬಹುದೇ? ಎಂಥ ದೀಪ ಕೊಳ್ಳಲಿ?
– ಓದುಗರೊಬ್ಬರು, ಅಮಾಸೆಬೈಲು

ಉತ್ತರ: ನಿಮ್ಮೂರಿನವರೇ ಆದ ಎ.ಜಿ. ಕೊಡ್ಗಿಯವರ ಮುಂದಾಳತ್ವದಲ್ಲಿ ಬಂದ ಆ ದೀಪಗಳು ಮಕ್ಕಳ ಓದಿಗೆ, ಅಡುಗೆಮನೆಗೆ ಸಾಕು, ಬೆಳೆಗೆ ಸಾಲವು. ಡಬ್ಬಿಯ ಮೇಲಿನ ಲ್ಯೂಮೆನ್ ನಮ್ಮ ಕಣ್ಣಿನ ಲೆಕ್ಕ. ಗಿಡದ ಲೆಕ್ಕ ಬೇರೆ: 400ರಿಂದ 700 ನ್ಯಾನೋಮೀಟರ್ ಅಲೆಯುದ್ದದ ಬೆಳಕಿನ ಕಣಗಳೆಷ್ಟು ಎಂಬುದು, ಮೈಕ್ರೋಮೋಲ್‌ನಲ್ಲಿ. ಲೆಟ್ಯೂಸ್‌ಗೆ ಚದರ ಮೀಟರಿಗೆ ಸೆಕೆಂಡಿಗೆ ಸುಮಾರು 200 ಮೈಕ್ರೋಮೋಲ್, ದಿನಕ್ಕೆ 16 ಗಂಟೆ ಕೊಡಬೇಕು. ಒಂದು ಜೂಲ್‌ಗೆ 2.5 ಮೈಕ್ರೋಮೋಲ್ ಕೊಡುವ ಒಳ್ಳೆಯ ದೀಪವೂ ಅದಕ್ಕೆ 80 ವ್ಯಾಟ್ ಎಳೆಯುತ್ತದೆ. ಅಂದರೆ ಒಂದೇ ಚದರ ಮೀಟರಿಗೆ ದಿನಕ್ಕೆ 1.28 ಯೂನಿಟ್ ಕರೆಂಟು!

ಆದರೂ ಕೊಳ್ಳುವುದಾದರೆ, ಡಬ್ಬಿಯ ಮೇಲಿನ ‘1000 ವ್ಯಾಟ್’ ಎಂಬ ದೊಡ್ಡಕ್ಷರ ನಂಬಬೇಡಿ. ನಿಜವಾಗಿ ಎಷ್ಟು ಎಳೆಯುತ್ತದೆಂದು ಕೇಳಿ. ಸಾಮಾನ್ಯವಾಗಿ ಮೊದಲು ಕೈಕೊಡುವುದು ಎಲ್‌ಇಡಿಯಲ್ಲ, ಅದಕ್ಕೆ ಹದವಾಗಿ ಕರೆಂಟು ಕೊಡುವ ಡ್ರೈವರ್. ಹಾಗಾಗಿ ವಾರಂಟಿ ಡ್ರೈವರಿಗೂ ಇರಲಿ, ಬರಹದಲ್ಲಿರಲಿ. ಘಟ್ಟದ ಬುಡದ ತೇವಕ್ಕೆ ದೂಳು, ನೀರು ತಡೆಯುವ ಐಪಿ65 ದರ್ಜೆಯ ರಕ್ಷಣೆ ಬೇಕು, ಸಿಡಿಲಿಗೆ ಸರ್ಜ್ ಪ್ರೊಟೆಕ್ಟರ್ ಬೇಕು.

ನನ್ನನ್ನು ಕೇಳಿದರೆ, ಲೆಟ್ಯೂಸ್ ಬಿಟ್ಟು ಹರಿವೆ, ಬಸಳೆಗೆ ಪಾರದರ್ಶಕ ಹಾಳೆಯ ಮಾಡು ಹಾಕಿ, ಇದ್ದ ಬಿಸಿಲಲ್ಲೇ ಬೆಳೆಯಿರಿ. ದೀಪ ಸಸಿಮಡಿಗೆ ಮಾತ್ರ ಇರಲಿ.