ಚೀಟಿ ಬಟ್ಟೆಯ ಕಂಪನಿಯಲ್ಲಿ ಹುಟ್ಟಿದ ಟೆರಿಲಿನ್

ಒಂದು ಕಾಲಕ್ಕೆ ನಮ್ಮ ಊರುಗಳಲ್ಲಿ ಟೆರಿಲಿನ್ ಶರ್ಟು ತೊಟ್ಟವನ ಠೀವಿಯೇ ಬೇರೆ. ರಾತ್ರಿ ಒಗೆದು ನೇತುಹಾಕಿದರೆ ಬೆಳಗಾಗುವಷ್ಟರಲ್ಲಿ ಒಣಗಿರುತ್ತಿತ್ತು, ಇಸ್ತ್ರಿಯ ಹಂಗಿರಲಿಲ್ಲ. ಈ ನೂಲನ್ನು ಕಂಡುಹಿಡಿದ ಜಾನ್ ರೆಕ್ಸ್ ವಿನ್‌ಫೀಲ್ಡ್ ಕೆಲಸಕ್ಕಿದ್ದದ್ದು ಮಾತ್ರ ಹತ್ತಿ ಬಟ್ಟೆಗೆ ಬಣ್ಣದ ಅಚ್ಚು ಹಾಕುವ ಕಂಪನಿಯಲ್ಲಿ. ಅದೂ ವ್ಯಾಪಾರ ಕುಸಿಯುತ್ತಿದ್ದ ಕಂಪನಿ.

ಆ ಕಂಪನಿ, ಅಂದರೆ ಮ್ಯಾಂಚೆಸ್ಟರಿನ ಕ್ಯಾಲಿಕೊ ಪ್ರಿಂಟರ್ಸ್ ಅಸೋಸಿಯೇಶನ್, ಹುಟ್ಟಿದ್ದು 1899ರಲ್ಲಿ. ಹತ್ತಾರು ಅಚ್ಚು ಕಾರ್ಖಾನೆಗಳು ಒಂದಾಗಿದ್ದರಿಂದ ಬ್ರಿಟನ್ನಿನ ಚೀಟಿ ಬಟ್ಟೆಯ ಬಹುಪಾಲು ಅದರ ಕೈಯಲ್ಲಿತ್ತು. ಮ್ಯಾಂಚೆಸ್ಟರ್ ಸುತ್ತಲಿನ ಲ್ಯಾಂಕಾಷೈರ್ ಪ್ರಾಂತ್ಯದ ಬಟ್ಟೆಗೆ ದೊಡ್ಡ ಗಿರಾಕಿ ಭಾರತ. ಮೊದಲ ಮಹಾಯುದ್ಧದ ನಂತರ ಆ ಗಿರಾಕಿ ಕೈತಪ್ಪತೊಡಗಿತು. ಜಪಾನಿನ ಅಗ್ಗದ ಮಾಲು, ಬೊಂಬಾಯಿ ಅಹಮದಾಬಾದಿನ ಗಿರಣಿಗಳು, ಆಮದು ಸುಂಕ, ಮೇಲೆ ವಿದೇಶಿ ಬಟ್ಟೆಯ ಬಹಿಷ್ಕಾರ. 1931ರಲ್ಲಿ ಗಾಂಧೀಜಿ ಲ್ಯಾಂಕಾಷೈರ್‌ಗೆ ಹೋಗಿ ಕೆಲಸ ಕಳೆದುಕೊಂಡ ಕಾರ್ಮಿಕರನ್ನು ಕಂಡಾಗ ಅಲ್ಲಿ ಎಷ್ಟೋ ಗಿರಣಿಗಳಿಗೆ ಬೀಗ ಬಿದ್ದಿತ್ತು.

ಕೇಂಬ್ರಿಜ್‌ನಲ್ಲಿ ಓದಿದ ವಿನ್‌ಫೀಲ್ಡ್, ವಿಸ್ಕೋಸ್ ರೇಯಾನ್ ಎಂಬ ಕೃತಕ ನೂಲಿನ ಶೋಧಕರಲ್ಲೊಬ್ಬರಾದ ಕ್ರಾಸ್ ಅವರ ಪ್ರಯೋಗಶಾಲೆಯಲ್ಲಿ ಸಂಬಳವಿಲ್ಲದೆ ದುಡಿದು, 1924ರಲ್ಲಿ ಈ ಕಂಪನಿಗೆ ಸೇರಿದರು. ಕೃತಕ ನೂಲಿನ ಗುಂಗು ಕ್ರಾಸ್ ಅವರ ಬಳಿಯೇ ಹತ್ತಿತ್ತು.

ಅಮೆರಿಕದ ಡುಪಾಂಟ್ ಕಂಪನಿಯಲ್ಲಿ ನೈಲಾನ್ ಸೃಷ್ಟಿಸಿದ ವ್ಯಾಲೇಸ್ ಕ್ಯಾರದರ್ಸ್ ಅದಕ್ಕೂ ಮೊದಲು ಪಾಲಿಯೆಸ್ಟರ್ ಎಳೆ ತೆಗೆದು ನೋಡಿ ಬಿಟ್ಟಿದ್ದರು. ಅವು ಸ್ವಲ್ಪ ಬಿಸಿಗೇ ಕರಗುತ್ತಿದ್ದವು, ನೀರಿಗೆ ಸೋಲುತ್ತಿದ್ದವು. ತಪ್ಪಿರುವುದು ಪಾಲಿಯೆಸ್ಟರ್ ತಯಾರಿಗೆ ಬಳಸುವ ಆಮ್ಲದ ಆಯ್ಕೆಯಲ್ಲಿ ಎಂದು ವಿನ್‌ಫೀಲ್ಡ್‌ಗೆ ಅನ್ನಿಸಿತು. ಬಳುಕುವ ಸರಪಳಿಯಂಥ ಆಮ್ಲಗಳನ್ನು ಬಿಟ್ಟು, ನಡುವೆ ಬೆಂಜೀನ್ ಉಂಗುರವಿರುವ ಟೆರೆಫ್ತಾಲಿಕ್ ಆಮ್ಲವನ್ನು ಹಿಡಿದರು. ಉಂಗುರ ಬಾಗದು, ಅಣುಗಳು ಒತ್ತಾಗಿ ಸಾಲುಗಟ್ಟುತ್ತವೆ. 1941ರಲ್ಲಿ, ಕಿರಿಯ ಸಹೋದ್ಯೋಗಿ ಜೇಮ್ಸ್ ಡಿಕ್ಸನ್ ಜತೆ ಅದನ್ನು ಎಥಿಲೀನ್ ಗ್ಲೈಕಾಲ್‌ನೊಂದಿಗೆ ಕಾಯಿಸಿದಾಗ ಸಿಕ್ಕಿದ್ದು ಬಣ್ಣಗೆಟ್ಟ ಅಂಟು. ಆದರೆ ಅದರಿಂದ ಎಳೆ ಬಂತು, ಎಳೆದಷ್ಟೂ ಗಟ್ಟಿಯಾಯಿತು. ಅದು ಕರಗಲು 250 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚಿನ ಶಾಖ ಬೇಕಿತ್ತು.

ಅದೇ ವರ್ಷ ಪೇಟೆಂಟ್ ಅರ್ಜಿ ಹೋಯಿತು. ಯುದ್ಧಕಾಲವಾದ್ದರಿಂದ ವಿಷಯ ಗುಟ್ಟಾಗಿಯೇ ಉಳಿಯಿತು. ಕಾರ್ಖಾನೆ ಮಟ್ಟಕ್ಕೆ ಅದನ್ನು ಬೆಳೆಸುವ ತಾಕತ್ತು ಅಚ್ಚಿನ ಕಂಪನಿಗೆ ಇರಲಿಲ್ಲ. ಬ್ರಿಟನ್ನಿನ ರಾಸಾಯನಿಕ ಕಂಪನಿ ಐಸಿಐ ಕೈಗೆತ್ತಿಕೊಂಡು ಟೆರಿಲಿನ್ ಎಂದಿತು. ಅಮೆರಿಕದ ಹಕ್ಕು ಕೊಂಡ ಡುಪಾಂಟ್ ಡೇಕ್ರಾನ್ ಎಂದಿತು. ಹತ್ತಿ ಬೆರೆತಾಗ ನಮ್ಮವರ ಬಾಯಲ್ಲಿ ಅದು ಟೆರಿಕಾಟ್. 1947ರಲ್ಲಿ ವಿನ್‌ಫೀಲ್ಡ್ ಕೂಡ ಐಸಿಐ ಸೇರಿದರು, 1954ರಲ್ಲಿ ಬ್ರಿಟನ್ನಿನ ಸಿಬಿಇ ಗೌರವ ಬಂತು.

ತಮಾಷೆಯೆಂದರೆ, ಅಚ್ಚಿನವರ ಮನೆಯಲ್ಲೇ ಹುಟ್ಟಿದ ಈ ನೂಲಿಗೆ ಹತ್ತಿಯ ಬಣ್ಣಗಳು ಹತ್ತುತ್ತಿರಲಿಲ್ಲ. ನೀರನ್ನೇ ಒಳಬಿಡದ ಎಳೆಗೆ ಬಣ್ಣ ಇಳಿಯುವುದೆಲ್ಲಿಂದ? ನೀರಿನಲ್ಲಿ ಕರಗದೆ ಸಣ್ಣ ಕಣಗಳಾಗಿ ಹರಡುವ ಬೇರೆ ಬಗೆಯ ಬಣ್ಣಗಳೇ ಬೇಕಾದವು. ಬಣ್ಣ ಒಳಗಿಳಿಯಲು ಒತ್ತಡದ ಪಾತ್ರೆಯಲ್ಲಿ ಸುಮಾರು 130 ಡಿಗ್ರಿಗೆ ಕಾಯಿಸುವ ವಿಧಾನವೂ ಬಂತು.

ಅಚ್ಚಿನ ಕಂಪನಿಗೆ ಪೇಟೆಂಟಿನ ರಾಯಧನ ಹರಿದುಬಂತು, ಅಚ್ಚಿನ ಕಸುಬು ಮಾತ್ರ ಚೇತರಿಸಿಕೊಳ್ಳಲಿಲ್ಲ. ವಿನ್‌ಫೀಲ್ಡ್ 1966ರಲ್ಲಿ ತೀರಿಕೊಂಡರು. ಇನ್ನೆರಡು ವರ್ಷಕ್ಕೆ ಕಂಪನಿಯೂ ಹೊಲಿಗೆ ದಾರ ತಯಾರಿಸುವ ಇಂಗ್ಲಿಷ್ ಸೋಯಿಂಗ್ ಕಾಟನ್‌ ಜತೆ ವಿಲೀನವಾಯಿತು.