ಮಾತು ಮುಟ್ಟಿತೆ? ಸಂವಹನದ ಮಾದರಿಗಳು ಮತ್ತು ಅವುಗಳ ಮಿತಿ

ಮೇರಿಲ್ಯಾಂಡಿನ ನಮ್ಮ ಕೊಲಂಬಿಯಾ ಊರಿನ ಸುತ್ತಮುತ್ತ ಸಂವಹನದ ಚರಿತ್ರೆಗೆ ಸೇರಿದ ಎರಡು ದೊಡ್ಡ ಕೆಲಸಗಳು ನಡೆದಿವೆ. ಒಂದು, ಪಕ್ಕದ ಲಾರೆಲ್‌ನಲ್ಲಿರುವ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಅಪ್ಲೈಡ್ ಫಿಸಿಕ್ಸ್ ಲ್ಯಾಬೊರೇಟರಿಯದು. ಅಲ್ಲಿ ಸಿದ್ಧವಾದ ‘ನ್ಯೂ ಹೊರೈಜನ್ಸ್’ ನೌಕೆ 2015ರ ಜುಲೈ 14ರಂದು ಪ್ಲೂಟೋ ಪಕ್ಕದಲ್ಲಿ ಹಾದುಹೋಗಿ, ಸುಮಾರು 480 ಕೋಟಿ ಕಿಲೋಮೀಟರ್ ದೂರದಿಂದ ಚಿತ್ರಗಳನ್ನು ಕಳಿಸಿತು. ಇನ್ನೊಂದು ಅದಕ್ಕಿಂತ ನಲವತ್ತು ವರ್ಷ ಹಿಂದಿನದು. ಜರ್ಮನ್‌ಟೌನ್‌ನಲ್ಲಿ ಫೇರ್‌ಚೈಲ್ಡ್ ಕಂಪನಿ ಕಟ್ಟಿದ, ಗ್ರೀನ್‌ಬೆಲ್ಟ್‌ನ ಗಾಡರ್ಡ್ ಬಾಹ್ಯಾಕಾಶ ಕೇಂದ್ರ ನಿರ್ವಹಿಸಿದ ಎಟಿಎಸ್-6 ಎಂಬ ಉಪಗ್ರಹ ರಾಯಚೂರು, ಗುಲ್ಬರ್ಗ, ಬಿಜಾಪುರ ಜಿಲ್ಲೆಗಳ ಹಳ್ಳಿಗಳಿಗೆ ಮೊದಲ ಬಾರಿ ಟೆಲಿವಿಷನ್ ತಂದಿತು.

ಎರಡನ್ನೂ ನಾವು ಸಂವಹನ ಎಂಬ ಒಂದೇ ಹೆಸರಿನಿಂದ ಕರೆಯುತ್ತೇವೆ. ಆದರೆ ಒಂದರಲ್ಲಿ ಗಗನನೌಕೆಯ ಅಂಕಿಗಳು ತಪ್ಪಿಲ್ಲದೆ ಭೂಮಿಗೆ ಬಂದರೆ ಕೆಲಸ ಮುಗಿಯಿತು. ಇನ್ನೊಂದರಲ್ಲಿ ಚಿತ್ರ ಮತ್ತು ಧ್ವನಿ ಬಂದಮೇಲೆ ಕೆಲಸ ಆರಂಭವಾಯಿತು. ಸಂವಹನವನ್ನು ವಿವರಿಸಲು ವಿದ್ವಾಂಸರು ಕಟ್ಟಿದ ಮಾದರಿಗಳನ್ನು ಓದುವಾಗ ಈ ವ್ಯತ್ಯಾಸವನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಪ್ರತಿಯೊಂದು ಮಾದರಿಯೂ ಒಂದು ಪ್ರಶ್ನೆಗೆ ಉತ್ತರ. ಬೇರೆ ಪ್ರಶ್ನೆಗೆ ಅದನ್ನು ಒಯ್ದರೆ ಅದು ದಾರಿ ತಪ್ಪಿಸಬಹುದು. ಇದನ್ನು ಕೆಲವು ಕ್ಷೇತ್ರಗಳ ಉದಾಹರಣೆಗಳಿಂದ ತೋರಿಸಿ, ಕೊನೆಗೆ ನಮ್ಮ ಮನೆಗಳ ಕನ್ನಡದ ಪ್ರಶ್ನೆಗೆ ಬರುವುದು ಈ ಲೇಖನದ ಉದ್ದೇಶ.

ಶಾನನ್‌ನ ಮಾದರಿ

1948ರಲ್ಲಿ ಬೆಲ್ ಲ್ಯಾಬ್ಸ್‌ನ ಕ್ಲಾಡ್ ಶಾನನ್ ಸಂವಹನದ ಗಣಿತ ಸಿದ್ಧಾಂತವನ್ನು ಪ್ರಕಟಿಸಿದ. ಅವನ ಮಾದರಿಯಲ್ಲಿ ಒಂದು ಮೂಲವಿದೆ. ಅದು ಸಂದೇಶವನ್ನು ಆರಿಸುತ್ತದೆ. ಪ್ರೇಷಕ ಯಂತ್ರ ಅದನ್ನು ಸಂಕೇತವಾಗಿ ಮಾರ್ಪಡಿಸುತ್ತದೆ. ಸಂಕೇತ ಒಂದು ವಾಹಿನಿಯಲ್ಲಿ ಸಾಗುವಾಗ ಅದಕ್ಕೆ ಗದ್ದಲ ಬೆರೆಯುತ್ತದೆ. ಆಚೆ ಕಡೆಯ ಗ್ರಾಹಕ ಯಂತ್ರ ಅದನ್ನು ಬಿಡಿಸಿ ಗಮ್ಯಕ್ಕೆ ಒಪ್ಪಿಸುತ್ತದೆ. ಯಾವ ವಾಹಿನಿಗೂ ಒಂದು ಗರಿಷ್ಠ ಸಾಮರ್ಥ್ಯವಿದೆ, ಆ ಮಿತಿಯೊಳಗೆ ಕಳಿಸಿದರೆ ಗದ್ದಲವಿದ್ದರೂ ತಪ್ಪನ್ನು ಬೇಕಾದಷ್ಟು ಕಡಿಮೆ ಮಾಡಬಹುದು ಎಂದು ಶಾನನ್ ಸಾಧಿಸಿ ತೋರಿಸಿದ.

ತಪ್ಪು ತಪ್ಪಿಸುವ ಉಪಾಯದ ತಿರುಳು, ಹೇಳಿದ್ದನ್ನೇ ಜಾಣತನದಿಂದ ಇನ್ನೊಮ್ಮೆ ಹೇಳುವುದು. ಇದು ನಮ್ಮ ಭಾಷೆಯಲ್ಲೇ ಇದೆ. ಫೋನಿನಲ್ಲಿ “ನಾನು ನಾಳೆ ಬರ್ತೀನಿ” ಎಂದಾಗ ‘ನಾನು’ ಎಂಬ ಪದ ಕೇಳಿಸದಿದ್ದರೂ ಅರ್ಥ ಕೆಡುವುದಿಲ್ಲ. ಬರುವವರು ಯಾರೆಂಬುದನ್ನು ‘ಬರ್ತೀನಿ’ ಎಂಬ ಕ್ರಿಯಾಪದದ ಕೊನೆಯೂ ಹೇಳುತ್ತದೆ. ‘ಬರ್ತಾಳೆ’, ‘ಬರ್ತಾರೆ’ ಎಂದಿದ್ದರೆ ಬೇರೆಯವರು. ಒಂದೇ ಮಾಹಿತಿ ಎರಡು ಕಡೆ ಇರುವುದರಿಂದ ಗದ್ದಲ ಒಂದನ್ನು ನುಂಗಿದರೂ ಇನ್ನೊಂದು ಉಳಿಯುತ್ತದೆ. ನ್ಯೂ ಹೊರೈಜನ್ಸ್ ಮಾಡಿದ್ದೂ ಇದೇ ತತ್ವದ ಗಣಿತರೂಪವನ್ನು. ಅದರ ರೇಡಿಯೋ ಸಂಕೇತ ಭೂಮಿಗೆ ಬರಲು ಸುಮಾರು ನಾಲ್ಕೂವರೆ ಗಂಟೆ ಬೇಕಿತ್ತು. ವೇಗ ಸೆಕೆಂಡಿಗೆ ಸುಮಾರು 1ರಿಂದ 2 ಕಿಲೋಬಿಟ್ ಮಾತ್ರ. ಒಂದು ದಿನದ ಭೇಟಿಯಲ್ಲಿ ಕಲೆಹಾಕಿದ ಮಾಹಿತಿಯೆಲ್ಲ ನಮ್ಮ ಕೈಸೇರಿದ್ದು 2016ರ ಅಕ್ಟೋಬರ್‌ನಲ್ಲಿ.

ಸಂದೇಶದ ಅರ್ಥ ತನ್ನ ಇಂಜಿನಿಯರಿಂಗ್ ಸಮಸ್ಯೆಗೆ ಸಂಬಂಧಿಸಿದ್ದಲ್ಲ ಎಂದು ಶಾನನ್ ತನ್ನ ಪ್ರಬಂಧದ ಆರಂಭದಲ್ಲೇ ಬೇಲಿ ಹಾಕಿಕೊಂಡಿದ್ದ. ಮರುವರ್ಷ ಪುಸ್ತಕವಾಗಿ ಬಂದಾಗ ಅದಕ್ಕೆ ವಿವರಣೆ ಬರೆದ ವಾರನ್ ವೀವರ್ ಮೂರು ಹಂತದ ಪ್ರಶ್ನೆಗಳನ್ನು ಬೇರ್ಪಡಿಸಿದ: ಸಂಕೇತ ಸರಿಯಾಗಿ ತಲುಪಿತೆ? ಅರ್ಥ ಸರಿಯಾಗಿ ತಲುಪಿತೆ? ತಲುಪಿದ ಅರ್ಥ ಬಯಸಿದ ಪರಿಣಾಮ ಉಂಟುಮಾಡಿತೆ? ಶಾನನ್‌ನ ಗಣಿತ ಉತ್ತರಿಸುವುದು ಮೊದಲ ಪ್ರಶ್ನೆಗೆ. ಉಳಿದೆರಡರ ಕಷ್ಟ ಏನೆಂಬುದನ್ನು ಕರ್ನಾಟಕದ ಹಳ್ಳಿಗಳಲ್ಲಿ ನಡೆದ ಪ್ರಯೋಗ ತೋರಿಸುತ್ತದೆ.

ರಾಯಚೂರಿನ ಹಳ್ಳಿಗೆ ಬಂದ ಚಿತ್ರ

ವಿಕ್ರಂ ಸಾರಾಭಾಯಿ ಅವರ ಕನಸಾಗಿದ್ದ ಉಪಗ್ರಹ ಬೋಧನಾ ದೂರದರ್ಶನ ಪ್ರಯೋಗಕ್ಕೆ ಭಾರತ ಮತ್ತು ನಾಸಾ 1969ರಲ್ಲಿ ಒಪ್ಪಂದ ಮಾಡಿಕೊಂಡವು. ‘ಸೈಟ್’ ಎಂದು ಹೆಸರಾದ ಈ ಪ್ರಯೋಗ 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ನಡೆಯಿತು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಲ್ಲಿ ಕೋಳಿಬಲೆಯಂಥ ತಂತಿಜಾಲರಿಯಿಂದ ಮಾಡಿದ ಮೂರು ಮೀಟರ್ ಅಗಲದ ಆಂಟೆನಾ ಮತ್ತು ಒಂದು ಸಾರ್ವಜನಿಕ ಟಿವಿ ಇಟ್ಟರು. ವಿದ್ಯುತ್ ಇಲ್ಲದ ಕೆಲವು ಕಡೆ ಟಿವಿ ಬ್ಯಾಟರಿಯಿಂದ ನಡೆಯಿತು. ಬೆಳಿಗ್ಗೆ ಶಾಲಾ ಮಕ್ಕಳಿಗೆ, ಸಂಜೆ ಊರವರಿಗೆ, ದಿನಕ್ಕೆ ನಾಲ್ಕು ಗಂಟೆ ಪ್ರಸಾರ. ಬೇಸಾಯ, ಆರೋಗ್ಯ, ಕುಟುಂಬ ಯೋಜನೆ ಮುಖ್ಯ ವಿಷಯಗಳು.

ಶಾನನ್‌ನ ಕಣ್ಣಿನಿಂದ ನೋಡಿದರೆ ಇದು ದೊಡ್ಡ ಗೆಲುವು. ಉಪಗ್ರಹ ಒಂದು ಚಿತ್ರದ ಜೊತೆಗೆ ಎರಡು ಧ್ವನಿವಾಹಿನಿಗಳನ್ನು ಹೊರಬಲ್ಲದಾಗಿತ್ತು. ಹಾಗಾಗಿ ಒಂದೇ ಚಿತ್ರಕ್ಕೆ ಆಂಧ್ರದ ಹಳ್ಳಿಯಲ್ಲಿ ತೆಲುಗು, ಕರ್ನಾಟಕದ ಹಳ್ಳಿಯಲ್ಲಿ ಕನ್ನಡ ಕೇಳಿಸಲು ಸಾಧ್ಯವಿತ್ತು.

ಇದೇ ಪ್ರಯೋಗಕ್ಕೆ ಇನ್ನೊಂದು ಮಾದರಿಯನ್ನು ಹಚ್ಚಿ ನೋಡೋಣ. 1948ರಲ್ಲೇ ರಾಜ್ಯಶಾಸ್ತ್ರಜ್ಞ ಹೆರಾಲ್ಡ್ ಲಾಸ್‌ವೆಲ್ ಸಮೂಹ ಮಾಧ್ಯಮವನ್ನು ಅಳೆಯಲು ಐದು ಪ್ರಶ್ನೆಗಳನ್ನು ಕೊಟ್ಟಿದ್ದ: ಯಾರು, ಏನನ್ನು, ಯಾವ ಮಾಧ್ಯಮದಲ್ಲಿ, ಯಾರಿಗೆ, ಯಾವ ಪರಿಣಾಮದೊಂದಿಗೆ ಹೇಳುತ್ತಾರೆ? ‘ಯಾರು’ ಎಂದು ಕೇಳಿದ ಕೂಡಲೇ ಹೊಸ ಸಂಗತಿಗಳು ಕಾಣುತ್ತವೆ. ತೆಲುಗು ಮತ್ತು ಕನ್ನಡ ಕಾರ್ಯಕ್ರಮಗಳ ನಿರ್ಮಾಣ ಕೇಂದ್ರ ಇದ್ದದ್ದು ಹೈದರಾಬಾದಿನಲ್ಲಿ. ಎರಡು ರಾಜ್ಯಗಳು ಒಂದೇ ಚಿತ್ರವನ್ನು ಹಂಚಿಕೊಂಡರೆ ತೆರೆಯ ಮೇಲಿನ ಹೊಲ, ಮನೆ, ಉಡುಗೆ ಎರಡು ಕಡೆಯವರಿಗೂ ಅಷ್ಟೇ ಪರಿಚಿತವಾಗಿರಲು ಸಾಧ್ಯವಿಲ್ಲ. ಸಂಜೆಯ ಅರ್ಧ ಗಂಟೆಯ ರಾಷ್ಟ್ರೀಯ ಕಾರ್ಯಕ್ರಮ ಎಲ್ಲ ಹಳ್ಳಿಗಳಿಗೂ ಹಿಂದಿಯಲ್ಲಿತ್ತು. ಬಿಜಾಪುರದ ಹಳ್ಳಿಯ ಅಜ್ಜಿಗೆ ಆ ಅರ್ಧ ಗಂಟೆ ಧ್ವನಿ ಸ್ಪಷ್ಟವಾಗಿಯೇ ಕೇಳಿಸುತ್ತಿತ್ತು. ಆದರೆ ಸ್ಪಷ್ಟ ಧ್ವನಿ ಮಾತಾಗಬೇಕಾದರೆ ಭಾಷೆ ತಿಳಿದಿರಬೇಕು.

ಎಲ್ಲಕ್ಕಿಂತ ಮುಖ್ಯ ಕೊರತೆ, ಹಳ್ಳಿಯಿಂದ ಉಪಗ್ರಹಕ್ಕೆ ಹಿಂದಿರುಗುವ ದಾರಿ ಇರಲಿಲ್ಲ. “ನಮ್ಮದು ಕಪ್ಪು ನೆಲ, ನೀವು ಹೇಳಿದ ಬೀಜ ಇಲ್ಲಿ ಬರಲ್ಲ” ಎಂದು ರೈತನೊಬ್ಬ ಟಿವಿಯ ಮುಂದೆ ಹೇಳಿದರೆ ಕೇಳುವವರು ಪಕ್ಕದಲ್ಲಿ ಕೂತವರು ಮಾತ್ರ. ಇದನ್ನು ಬಲ್ಲ ಇಸ್ರೋ, ಜನರ ನಡುವೆ ಇದ್ದು ನೋಡಲು ಸಮಾಜ ವಿಜ್ಞಾನಿಗಳನ್ನು ಹಳ್ಳಿಗಳಿಗೆ ಕಳಿಸಿತು. ಅದೇ ಕಾಲದಲ್ಲಿ ಗುಜರಾತಿನ ಖೇಡಾ ಜಿಲ್ಲೆಯಲ್ಲಿ ಪಿಜ್ ಎಂಬ ಊರಿನ ಸಣ್ಣ ಪ್ರಸಾರ ಕೇಂದ್ರದಿಂದ ಸ್ಥಳೀಯ ಕಾರ್ಯಕ್ರಮಗಳು ಆರಂಭವಾದವು. ಅಲ್ಲಿ ಊರವರ ಸಮಸ್ಯೆಗಳೇ ವಸ್ತು, ಊರವರೇ ಪಾತ್ರಧಾರಿಗಳು. ತಂತ್ರಜ್ಞಾನದಲ್ಲಿ ಸೈಟ್‌ಗಿಂತ ಎಷ್ಟೋ ಚಿಕ್ಕದಾದ ಖೇಡಾ ಯೋಜನೆ ಸೈಟ್ ಮುಗಿದಮೇಲೂ ವರ್ಷಗಟ್ಟಲೆ ನಡೆಯಿತು.

ಅನುಭವದ ವಲಯ ಮತ್ತು ಸಹೃದಯ

ಈ ಕೊರತೆಯನ್ನು ತುಂಬುವ ಮಾದರಿಯೊಂದನ್ನು ವಿಲ್ಬರ್ ಶ್ರಾಮ್ 1954ರಲ್ಲಿ ಮುಂದಿಟ್ಟಿದ್ದ. ಪ್ರತಿಯೊಬ್ಬರಿಗೂ ತಮ್ಮದೇ ಅನುಭವದ ವಲಯವಿದೆ. ಇಬ್ಬರ ವಲಯಗಳು ಎಲ್ಲಿ ಒಂದರ ಮೇಲೊಂದು ಬರುತ್ತವೋ ಅಲ್ಲಿ ಮಾತ್ರ ಅರ್ಥ ಹುಟ್ಟುತ್ತದೆ. ಜೊತೆಗೆ ಕೇಳುವವನು ಸುಮ್ಮನೆ ಕೂತಿರುವ ಪಾತ್ರೆಯಲ್ಲ. ಅವನೂ ಕ್ಷಣಕ್ಷಣಕ್ಕೆ ಮರುಸಂದೇಶ ಕಳಿಸುತ್ತಿರುತ್ತಾನೆ.

ಭಾರತೀಯ ಕಾವ್ಯಮೀಮಾಂಸೆಯನ್ನು ಓದಿದವರಿಗೆ ಇದು ಅಪರಿಚಿತವೆನಿಸದು. ಕವಿಯ ಅನುಭವ ಓದುಗನಲ್ಲಿ ಮರುಹುಟ್ಟು ಪಡೆಯಬೇಕಾದರೆ ಅವನು ಸಹೃದಯನಾಗಿರಬೇಕು ಎಂದು ನಮ್ಮ ಆಲಂಕಾರಿಕರು ಹೇಳಿದರು. ಒಬ್ಬನ ಭಾವ ಎಲ್ಲರದಾಗುವ ಕ್ರಿಯೆಗೆ ಭಟ್ಟನಾಯಕ ಸಾಧಾರಣೀಕರಣ ಎಂದು ಹೆಸರಿಟ್ಟ. ತೀ.ನಂ. ಶ್ರೀಕಂಠಯ್ಯನವರ ‘ಭಾರತೀಯ ಕಾವ್ಯಮೀಮಾಂಸೆ’ ಈ ವಿಚಾರಗಳನ್ನು ಕನ್ನಡದ ಓದುಗರಿಗೆ ತಿಳಿಯಾಗಿ ಪರಿಚಯಿಸಿದೆ. ಇತ್ತೀಚಿನ ದಶಕಗಳಲ್ಲಿ ಭಾರತದ ಸಂವಹನ ವಿದ್ವಾಂಸರು ಸಾಧಾರಣೀಕರಣವನ್ನೇ ಒಂದು ಸಂವಹನ ಮಾದರಿಯಾಗಿ ಬೆಳೆಸಿದ್ದಾರೆ.

ನಮ್ಮ ಜನಪದದಲ್ಲೂ ಒಂದು ಮಾದರಿ ಇದೆ. ಅಜ್ಜಿ ಕಥೆ ಹೇಳುವಾಗ ಕೇಳುವ ಮಗು “ಹೂಂ” ಅನ್ನುತ್ತಿರಬೇಕು. ಹೂಂಗುಟ್ಟುವುದು ನಿಂತರೆ ಕಥೆಯೂ ನಿಲ್ಲುತ್ತದೆ. ಆ “ಹೂಂ” ಎಂಬುದೇ ಹಿಂದಿರುಗುವ ದಾರಿ.

ವಿಮಾನ ಮತ್ತು ಆಸ್ಪತ್ರೆ

ಮಾದರಿಯ ಆಯ್ಕೆ ಕೆಲವೊಮ್ಮೆ ಜೀವನ್ಮರಣದ ಪ್ರಶ್ನೆಯಾಗುತ್ತದೆ. 1977ರ ಮಾರ್ಚ್ 27ರಂದು ಟೆನೆರಿಫ್ ದ್ವೀಪದ ರನ್‌ವೇ ಮೇಲೆ ದಟ್ಟ ಮಂಜಿನಲ್ಲಿ ಎರಡು ಜಂಬೋ ವಿಮಾನಗಳು ಡಿಕ್ಕಿ ಹೊಡೆದು 583 ಜನ ಸತ್ತರು. ಅಲ್ಲಿ ಎರಡು ಬಗೆಯ ಗದ್ದಲಗಳು ಸೇರಿದ್ದವು. ನಿಯಂತ್ರಣ ಗೋಪುರ ಮತ್ತು ಇನ್ನೊಂದು ವಿಮಾನ ಒಂದೇ ಕ್ಷಣದಲ್ಲಿ ಮಾತಾಡಿದ್ದರಿಂದ ರೇಡಿಯೋದಲ್ಲಿ ಕಿರ್ರೆಂಬ ಸದ್ದು ಎದ್ದು ಮುಖ್ಯ ಮಾತು ಅಸ್ಪಷ್ಟವಾಯಿತು. ಇದು ಶಾನನ್‌ನ ಗದ್ದಲ. ಮೊದಲ ವಿಮಾನದ ಪೈಲಟ್ ತಾವು ‘ಟೇಕಾಫ್’ ಹಂತದಲ್ಲಿದ್ದೇವೆ ಎಂದದ್ದನ್ನು ಗೋಪುರ ‘ಹೊರಡಲು ಸಿದ್ಧ’ ಎಂದು ತಿಳಿಯಿತು. ಇದು ಅರ್ಥದ ಗದ್ದಲ. ಆ ದುರಂತದ ನಂತರ ‘ಟೇಕಾಫ್’ ಪದವನ್ನು ಅನುಮತಿ ಕೊಡುವ ಅಥವಾ ರದ್ದು ಮಾಡುವ ಸಂದರ್ಭಕ್ಕೆ ಮೀಸಲಿಡುವ ಪದ್ಧತಿ ಬಂತು. ಪೈಲಟ್ ಅನುಮತಿಯ ಮಾತುಗಳನ್ನೇ ತಿರುಗಿ ಹೇಳಬೇಕೆಂಬ ನಿಯಮವೂ ಬಿಗಿಯಾಯಿತು.

ಆಸ್ಪತ್ರೆಯಲ್ಲಿ ಇದು ನಮಗೆ ಇನ್ನೂ ಹತ್ತಿರದ ವಿಷಯ. ಊರಿಂದ ಬಂದ ತಂದೆತಾಯಿ “ಹೊಟ್ಟೆಯಲ್ಲಿ ಸಂಕಟ” ಎನ್ನುತ್ತಾರೆ. ಅದು ವಾಕರಿಕೆಯೋ, ನೋವೋ, ಬರಿಯ ಕಸಿವಿಸಿಯೋ? ಇಲ್ಲಿ ಹುಟ್ಟಿದ ಮೊಮ್ಮಗಳಿಗೆ ಈ ಪದದ ಹರವು ಗೊತ್ತಿರುವುದು ಕಷ್ಟ. ಡಾಕ್ಟರು ಮಾತಾಡುವಾಗ ಅಜ್ಜ “ಹೂಂ, ಹೂಂ” ಎಂದು ತಲೆಯಾಡಿಸುತ್ತಾರೆ. ‘ಕೇಳಿಸಿಕೊಳ್ಳುತ್ತಿದ್ದೇನೆ’ ಎಂಬುದು ಅದರ ಅರ್ಥ. ಡಾಕ್ಟರು ‘ಅರ್ಥವಾಯಿತು, ಒಪ್ಪಿದೆ’ ಎಂದು ತಿಳಿಯುತ್ತಾರೆ. ಅದಕ್ಕಾಗಿಯೇ ಈಗ ವೈದ್ಯಕೀಯದಲ್ಲಿ, ‘ಮಾತ್ರೆ ಹೇಗೆ ತಗೋತೀರಿ, ನಿಮ್ಮ ಮಾತಲ್ಲೇ ಹೇಳಿ’ ಎಂದು ರೋಗಿಯಿಂದ ತಿರುಗಿ ಹೇಳಿಸುವ ಕ್ರಮ ಬಳಕೆಯಲ್ಲಿದೆ. ಪೈಲಟ್ ತಿರುಗಿ ಹೇಳುವುದು ಮಾತನ್ನು. ರೋಗಿ ತಿರುಗಿ ಹೇಳಬೇಕಾದ್ದು ಅರ್ಥವನ್ನು.

ಅಮೆರಿಕದ ಕೇಂದ್ರ ಸರ್ಕಾರದ ಹಣ ಪಡೆಯುವ ಆಸ್ಪತ್ರೆಗಳು ಇಂಗ್ಲಿಷ್ ಸರಿಯಾಗಿ ಬಾರದ ರೋಗಿಗೆ ಉಚಿತವಾಗಿ ದುಭಾಷಿಯನ್ನು ಒದಗಿಸಬೇಕು. ತುರ್ತು ಸಂದರ್ಭ ಹೊರತು ಚಿಕ್ಕ ಮಕ್ಕಳನ್ನು ಆ ಕೆಲಸಕ್ಕೆ ಅವಲಂಬಿಸಬಾರದು. ಮಕ್ಕಳಿಗೆ ಎರಡು ಭಾಷೆಯ ಪದಗಳು ಗೊತ್ತಿದ್ದರೂ ಕಾಯಿಲೆಯ ಅನುಭವದ ವಲಯ ಅವರದಲ್ಲ. ಕನ್ನಡ ದುಭಾಷಿ ಬೇಕೆಂದು ಕೇಳಲು ನಾವು ಸಂಕೋಚಪಡಬೇಕಾಗಿಲ್ಲ.

ಊಟ ಆಯ್ತಾ?

ಮಾಹಿತಿ ಎಂಬುದೇ ಇಲ್ಲದ ಸಂವಹನವೂ ಇದೆ. ಊರಿನಿಂದ ಫೋನ್ ಮಾಡಿದ ಅತ್ತೆ “ಊಟ ಆಯ್ತಾ?” ಎಂದಾಗ ಅವರಿಗೆ ಬೇಕಾದದ್ದು ನಮ್ಮ ಊಟದ ವಿವರ ಅಲ್ಲ. ಭಾಷಾವಿಜ್ಞಾನಿ ರೋಮನ್ ಯಾಕಬ್‌ಸನ್ 1960ರಲ್ಲಿ ಭಾಷೆಯ ಆರು ಕಾರ್ಯಗಳನ್ನು ಪಟ್ಟಿಮಾಡಿದಾಗ, ಸಂಪರ್ಕ ಕಡಿಯದಂತೆ ನೋಡಿಕೊಳ್ಳುವ ಇಂಥ ಮಾತಿಗೂ ಒಂದು ಸ್ಥಾನ ಕೊಟ್ಟ. ಜೇಮ್ಸ್ ಕೇರಿ ಎಂಬ ಅಮೆರಿಕನ್ ವಿದ್ವಾಂಸ 1975ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದ. ಸಂವಹನವನ್ನು ಸಾಗಣೆ ಎಂದು ನೋಡುವುದು ಒಂದು ಬಗೆ. ಒಂದು ಸಮುದಾಯವನ್ನು ಕಾಲದುದ್ದಕ್ಕೂ ಹಿಡಿದಿಡುವ ಆಚರಣೆ ಎಂದು ನೋಡುವುದು ಇನ್ನೊಂದು ಬಗೆ ಎಂದ. ನಮ್ಮ ಯುಗಾದಿ, ರಾಜ್ಯೋತ್ಸವಗಳಲ್ಲಿ ಪ್ರತಿವರ್ಷ ಹೊಸ ಮಾಹಿತಿ ಏನೂ ಇರುವುದಿಲ್ಲ. ಆದರೂ ಸೇರುತ್ತೇವೆ.

ಮನೆಯ ಕನ್ನಡ

ಇಷ್ಟೆಲ್ಲ ಮಾದರಿಗಳನ್ನು ಮುಂದಿಟ್ಟುಕೊಂಡು ಹೊರನಾಡಿನ ಕನ್ನಡಿಗರ ಮುಖ್ಯ ಚಿಂತೆಯನ್ನು ನೋಡಬಹುದು. ಮಕ್ಕಳಿಗೆ ಕನ್ನಡ ‘ದಾಟಿಸುವುದು’ ಹೇಗೆ ಎಂದು ನಾವು ಕೇಳುತ್ತೇವೆ. ಆ ಪದದಲ್ಲೇ ಸಾಗಣೆಯ ಮಾದರಿ ಅಡಗಿದೆ. ವರ್ಣಮಾಲೆ, ವಚನ, ಭಾವಗೀತೆಗಳನ್ನು ವಾರಕ್ಕೊಮ್ಮೆ ಕಳಿಸಿಕೊಡುತ್ತೇವೆ, ಮಕ್ಕಳು ಪಡೆಯುವವರು. ವಾಹಿನಿಗೆ ಏನೂ ಕೊರತೆಯಿಲ್ಲ. ಮೈಸೂರಿನ ಅಜ್ಜಿಯ ಮುಖ ಫೋನಿನ ತೆರೆಯ ಮೇಲೆ ಸ್ಫಟಿಕದಂತೆ ಕಾಣುತ್ತದೆ. ಆದರೆ ಅನೇಕ ಮನೆಗಳಲ್ಲಿ ತಂದೆತಾಯಿ ಕನ್ನಡದಲ್ಲಿ ಕೇಳಿದ್ದಕ್ಕೆ ಮಕ್ಕಳ ಉತ್ತರ ಇಂಗ್ಲಿಷಿನಲ್ಲಿ ಬರುತ್ತದೆ. ಅಂದರೆ ಮಕ್ಕಳಿಗೆ ಕನ್ನಡ ಅರ್ಥವಾಗುತ್ತಿದೆ, ಸಂದೇಶ ಮುಟ್ಟುತ್ತಿದೆ. ಹಿಂದಿರುಗುವ ದಾರಿಯಲ್ಲಿ ಮಾತ್ರ ಕನ್ನಡವಿಲ್ಲ. ಹೀಗೆ ಬರಿಯ ಕೇಳುಗರಾಗಿ ಬೆಳೆದವರು ತಮ್ಮ ಮಕ್ಕಳೊಂದಿಗೆ ಯಾವ ಭಾಷೆಯಲ್ಲಿ ಮಾತಾಡುತ್ತಾರೆ ಎಂಬುದನ್ನು ಊಹಿಸುವುದು ಕಷ್ಟವಲ್ಲ.

ಈ ಕೊರತೆಯನ್ನು ಇನ್ನಷ್ಟು ಪಾಠ ಸೇರಿಸಿ ತುಂಬಲಾಗದು. ಮಗು ಕನ್ನಡದಲ್ಲಿ ಹೇಳಲೇಬೇಕಾದ ಸಂದರ್ಭ ಬೇಕು, ಅದನ್ನು ಕೇಳಲು ಕಾದಿರುವ ಒಬ್ಬರು ಬೇಕು. ಅಜ್ಜಿಗೆ ಹೊಸ ಆಟದ ನಿಯಮ ವಿವರಿಸುವುದು, ಅಜ್ಜಿಯಿಂದ ಹುಳಿಯ ಅಳತೆ ಕೇಳಿ ಬರೆದುಕೊಳ್ಳುವುದು, ಸಂಘದ ನಾಟಕದಲ್ಲಿ ಹಿರಿಯರು ಬರೆದ ಮಾತನ್ನು ಒಪ್ಪಿಸುವುದರ ಬದಲು ತಮ್ಮ ಮಾತನ್ನು ತಾವೇ ಕಟ್ಟುವುದು ಇಂಥ ಸಂದರ್ಭಗಳು. ಮಗುವಿನ ಕನ್ನಡದಲ್ಲಿ ಲಿಂಗ, ವಚನ ತಪ್ಪಬಹುದು. ಪ್ರತಿ ವಾಕ್ಯಕ್ಕೂ ನಕ್ಕು ತಿದ್ದಿದರೆ ಆ ಸಣ್ಣ ದಾರಿಯೂ ಮುಚ್ಚಿಹೋಗುತ್ತದೆ. ತಪ್ಪಿದ್ದರೂ ಅರ್ಥ ಉಳಿಯುವಷ್ಟು ಪುನರುಕ್ತಿ ಕನ್ನಡದಲ್ಲಿದೆ ಎಂಬುದನ್ನು ಮೇಲೆ ನೋಡಿದೆವು.

ಪ್ಲೂಟೋದಿಂದ ಬರುವ ಸಂಕೇತಕ್ಕೆ ದೊಡ್ಡ ಆಂಟೆನಾ ಮತ್ತು ತಾಳ್ಮೆ ಸಾಕು. ಮನೆಯ ಮಾತಿಗೆ ಎರಡೂ ಕಡೆಯವರು ಸರದಿಯ ಮೇಲೆ ಹೇಳಬೇಕು, ಸರದಿಯ ಮೇಲೆ ಹೂಂಗುಟ್ಟಬೇಕು. ಇಂದು ಹೆಚ್ಚಾಗಿ ಹಿರಿಯರು ಹೇಳುತ್ತಿದ್ದಾರೆ, ಕಿರಿಯರು ಹೂಂಗುಟ್ಟುತ್ತಿದ್ದಾರೆ. ಸ್ವಲ್ಪ ಹೊತ್ತು ಈ ಪಾತ್ರಗಳನ್ನು ಬದಲಿಸಿಕೊಳ್ಳುವುದು ನಮ್ಮ ಸಂಘಗಳೂ ಮನೆಗಳೂ ಈಗಲೇ ಮಾಡಬಹುದಾದ ಕೆಲಸ.